ತಬ್ಬಲಿ ಕಥೆಗಾರನ ಬಾಲ್ಯ: ಪೊಟ್ಟಳಕೆರೆಯಿಂದ ಗುಣಾಢ್ಯನವರೆಗೆ

ಹೈದರಾಬಾದಿನಿಂದ ಹುಮನಾಬಾದಿನ ಕಡೆಗೆ ಹೊರಟ ಬಸ್ಸು ಮಿಯಾಪುರ, ಚಂದಾನಗರ, ರಾಮಚಂದ್ರಾಪುರ ದಾಟಿದ ಮೇಲೆ ಪಟಾನ್‌ಚೆರುವಿಗೆ ಬರುತ್ತದೆ. ಕಿಟಕಿಯಾಚೆ ಔಷಧಿ ಕಾರ್ಖಾನೆಗಳು, ಸಾಲುಗಟ್ಟಿ ನಿಂತ ಲಾರಿಗಳು, ಹೊಸ ಅಪಾರ್ಟ್‌ಮೆಂಟುಗಳು. ಊರಿನ ಪಕ್ಕದಲ್ಲೇ 1972ರಲ್ಲಿ ಶುರುವಾದ ಇಕ್ರಿಸ್ಯಾಟ್‌ನ ವಿಶಾಲವಾದ ಹೊಲಗಳಿವೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳ ತಳಿಗಳ ಮೇಲೆ ಅಲ್ಲಿ ಸಂಶೋಧನೆ ನಡೆಯುತ್ತದೆ. 2016ರಲ್ಲಿ ಮೆದಕ್ ಜಿಲ್ಲೆಯನ್ನು ಒಡೆದು ಸಂಗಾರೆಡ್ಡಿ ಜಿಲ್ಲೆ ಮಾಡಿದಾಗ ಪಟಾನ್‌ಚೆರು ಅದಕ್ಕೆ ಸೇರಿತು. ಬಸ್ಸು ಇಲ್ಲಿ ಒಂದೆರಡು ನಿಮಿಷ ನಿಂತು ಮುಂದೆ ಹೋಗುತ್ತದೆ. ಕನ್ನಡದ ಒಬ್ಬ ದೊರೆಯ ನೆಲೆವೀಡು ಇದಾಗಿತ್ತು ಎಂದು ನೆನಪಿಸುವ ಗುರುತೊಂದೂ ಹೆದ್ದಾರಿಯ ಮೇಲೆ ಕಾಣುವುದಿಲ್ಲ.

ಗುರುತು ಇರುವುದು ಹೆಸರಿನಲ್ಲಿ. ಕಲ್ಯಾಣ ಚಾಲುಕ್ಯರ ಶಾಸನಗಳು ಹೇಳುವ ಪೊಟ್ಟಳಕೆರೆ ಇದೇ ಊರು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಹೆಸರಿನ ಮೊದಲ ಭಾಗ ಬಾಯಿಂದ ಬಾಯಿಗೆ ಸವೆದು ಬದಲಾಗಿದೆ. ಎರಡನೆಯ ಭಾಗಕ್ಕೆ ಮಾತ್ರ ಭಾಷಾಶಾಸ್ತ್ರದಲ್ಲಿ ಸರಳವಾದ ಲೆಕ್ಕವಿದೆ. ಇ, ಎ ಸ್ವರಗಳ ಮುಂದೆ ಬರುವ ಹಳೆಯ ದ್ರಾವಿಡದ ಕಕಾರ ಕನ್ನಡದಲ್ಲಿ ಹಾಗೇ ಉಳಿಯಿತು, ತೆಲುಗಿನಲ್ಲಿ ಚಕಾರವಾಯಿತು. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ, ಕನ್ನಡದ ಕಿರು ತೆಲುಗಿನಲ್ಲಿ ಚಿರು, ಕನ್ನಡದ ಕೆರೆ ತೆಲುಗಿನಲ್ಲಿ ಚೆರುವು. ಊರಿನ ಹೆಸರು ಒಂದು ಭಾಷೆಯ ಮನೆಯಿಂದ ಇನ್ನೊಂದರ ಮನೆಗೆ ಹೋಗಿ ಅಲ್ಲಿಯ ಬಟ್ಟೆ ತೊಟ್ಟುಕೊಂಡಿದೆ. ಕೆರೆ ಎಂಬ ಅರ್ಥವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಈ ಊರಿನಿಂದ ಆಳಿದವನು ಎರಡನೆಯ ಜಯಸಿಂಹ, ಜಗದೇಕಮಲ್ಲನೆಂಬ ಬಿರುದಿನವನು. ಅವನ ಆಳ್ವಿಕೆ 1015ರಿಂದ ಸುಮಾರು 1042ರವರೆಗೆ. ದಕ್ಷಿಣದಲ್ಲಿ ರಾಜೇಂದ್ರ ಚೋಳ, ಉತ್ತರದಲ್ಲಿ ಮಾಳವದ ಭೋಜ. ಇಬ್ಬರ ಜೊತೆಯೂ ಅವನಿಗೆ ಕಾಳಗವಿತ್ತು. ಮುಂದೆ ಅವನ ಮಗ ಒಂದನೆಯ ಸೋಮೇಶ್ವರ ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದ. ಹೈದರಾಬಾದಿನಿಂದ ಪಶ್ಚಿಮಕ್ಕೆ ಹೋಗುವ ಇಂದಿನ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ತಂದೆಯ ಪೊಟ್ಟಳಕೆರೆಯಿಂದ ಮಗನ ಕಲ್ಯಾಣದ ಹತ್ತಿರಕ್ಕೆ ಒಂದೇ ದಾರಿ. ವೀರಶೈವ ಪುರಾಣಗಳಲ್ಲಿ ಜಯಸಿಂಹನ ರಾಣಿ ಸುಗ್ಗಲೆ ಮತ್ತು ದಾಸಿಮಯ್ಯನ ಕಥೆ ನಡೆಯುವುದೂ ಇದೇ ಪೊಟ್ಟಳಕೆರೆಯಲ್ಲಿ.

ಈ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿ ಕೆಲಸ ಮಾಡಿದವನು ದುರ್ಗಸಿಂಹ. ಕಿಸುಕಾಡು ನಾಡಿನ ಸಯ್ಯಡಿಯವನು. ಯಾರ ಜೊತೆ ಒಪ್ಪಂದ, ಯಾರ ಮೇಲೆ ಯುದ್ಧ ಎಂಬ ಕಾಗದಪತ್ರಗಳ ಹೊಣೆ ಹೊತ್ತ ಅಧಿಕಾರಿ. 1031ರ ಸುಮಾರಿಗೆ ಅವನು ಚಂಪೂ ರೂಪದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅವನ ಮುಂದಿದ್ದದ್ದು ವಿಷ್ಣುಶರ್ಮನ ಪಂಚತಂತ್ರವಲ್ಲ, ವಸುಭಾಗಭಟ್ಟ ಎಂಬವನ ಸಂಸ್ಕೃತ ಪಾಠ. ಆ ಸಂಸ್ಕೃತ ಪುಸ್ತಕ ಇಂದು ಸಿಗುವುದಿಲ್ಲ. ಅದರ ಬಳಗದ ಕಥೆಗಳು ಜಾವಾದ ತಂತ್ರಿ ಕಾಮಂದಕದಲ್ಲೂ ಇವೆ ಎಂದು ವಿದ್ವಾಂಸರು ತೋರಿಸಿದ್ದಾರೆ.

ಅನುವಾದಕನಾದವನು ತನ್ನ ಮೂಲ ಯಾವುದೆಂದು ಹೇಳಬೇಕು. ದುರ್ಗಸಿಂಹ ಹೇಳುತ್ತಾನೆ, ವಸುಭಾಗಭಟ್ಟನಲ್ಲಿಗೆ ನಿಲ್ಲದೆ ಇನ್ನೂ ಹಿಂದಕ್ಕೆ ಹೋಗುತ್ತಾನೆ. ಶಾಲಿವಾಹನನ ಆಸ್ಥಾನದಲ್ಲಿದ್ದ ಗುಣಾಢ್ಯ ಪೈಶಾಚಿ ಭಾಷೆಯಲ್ಲಿ ಬೃಹತ್ಕಥೆಯನ್ನು ಬರೆದ. ಅದರಿಂದ ವಸುಭಾಗಭಟ್ಟ ಐದು ಕಥೆಗಳನ್ನು ಆರಿಸಿ ಸಂಸ್ಕೃತದಲ್ಲಿ ಹೇಳಿದ. ಅದು ಈಗ ಕನ್ನಡಕ್ಕೆ ಬಂದಿದೆ. ಪಂಚತಂತ್ರ ಬೃಹತ್ಕಥೆಯಿಂದ ಹುಟ್ಟಿತೆಂಬ ಮಾತನ್ನು ಇಂದಿನ ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಹನ್ನೊಂದನೆಯ ಶತಮಾನದ ಕನ್ನಡದ ಅಧಿಕಾರಿಯೊಬ್ಬ ತನ್ನ ಕಥೆಗಳಿಗೆ ಮೂಲಪುರುಷ ಬೇಕೆಂದಾಗ ಗುಣಾಢ್ಯನ ಹೆಸರು ಹೇಳಿದ ಎಂಬುದು ನಿಜ. ಅವನು ಹಾಗೆ ಹೇಳಿದ್ದು, ಸಾಮಾನ್ಯವಾಗಿ ಒಪ್ಪುವ ಕಾಲಗಣನೆಯಂತೆ, ಕಾಶ್ಮೀರದಲ್ಲಿ ಕ್ಷೇಮೇಂದ್ರ ಮತ್ತು ಸೋಮದೇವರು ಬೃಹತ್ಕಥೆಯನ್ನು ಮತ್ತೆ ಹೇಳುವುದಕ್ಕೆ ತುಸು ಮೊದಲು.

ಹಾಗಾದರೆ ಈ ಗುಣಾಢ್ಯ ಯಾರು?

ಮಗು ಮತ್ತು ಸಾವುಗಳು

ಗುಣಾಢ್ಯನ ಬದುಕಿನ ವಿವರವಾದ ಕಥೆ ಸಿಗುವುದು ಸೋಮದೇವನ ಕಥಾಸರಿತ್ಸಾಗರದಲ್ಲಿ. ಕಾಶ್ಮೀರದ ರಾಜ ಅನಂತನ ರಾಣಿ ಸೂರ್ಯಮತಿಯ ಮನಸ್ಸಿಗೆ ಸಮಾಧಾನವಾಗಲೆಂದು 1063 ಮತ್ತು 1081ರ ನಡುವೆ ಬರೆದ ಪುಸ್ತಕ ಅದು. ಆ ವರ್ಷಗಳಲ್ಲಿ ರಾಣಿಯ ಮನೆಯಲ್ಲಿ ಮಗ ಕಲಶ ತಂದೆತಾಯಿಯ ವಿರುದ್ಧ ನಿಂತಿದ್ದ. 18 ಲಂಬಕಗಳ ಆ ಪುಸ್ತಕದ ಮೊದಲ ಲಂಬಕದ ಹೆಸರು ಕಥಾಪೀಠ. ಬೃಹತ್ಕಥೆಯ ನಾಯಕ ನರವಾಹನದತ್ತನಾದರೂ ಅವನ ಕಥೆ ಶುರುವಾಗುವ ಮೊದಲು, ಈ ಕಥೆ ಭೂಮಿಗೆ ಹೇಗೆ ಬಂತು ಎಂಬುದನ್ನು ಕಥಾಪೀಠ ಹೇಳುತ್ತದೆ. ಇಂದಿನ ಮಾತಿನಲ್ಲಿ ಅದು ಪ್ರೀಕ್ವೆಲ್. ಒಬ್ಬ ತಬ್ಬಲಿಯ ಬಾಲ್ಯ ಅದರೊಳಗಿದೆ.

ಪ್ರತಿಷ್ಠಾನದ ನಾಡಿನಲ್ಲಿ, ಅಂದರೆ ಗೋದಾವರಿ ದಂಡೆಯ ಇಂದಿನ ಪೈಠಣದ ಸೀಮೆಯಲ್ಲಿ, ಸುಪ್ರತಿಷ್ಠಿತ ಎಂಬ ಊರು. ಅಲ್ಲಿ ಸೋಮಶರ್ಮನೆಂಬ ಬ್ರಾಹ್ಮಣ. ಅವನಿಗೆ ವತ್ಸ, ಗುಲ್ಮಕ ಎಂಬ ಇಬ್ಬರು ಗಂಡುಮಕ್ಕಳು, ಶ್ರುತಾರ್ಥಾ ಎಂಬ ಮಗಳು. ತಂದೆತಾಯಿ ತೀರಿಕೊಂಡರು. ಅಣ್ಣಂದಿರು ತಂಗಿಯನ್ನು ಸಾಕಿದರು. ಕೆಲವು ಕಾಲಕ್ಕೆ ತಂಗಿ ಬಸುರಿಯಾದಳು. ಮನೆಗೆ ಬೇರೆ ಗಂಡಸರು ಬರುತ್ತಿರಲಿಲ್ಲವಾದ್ದರಿಂದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗಿದರು. ಅದನ್ನು ತಿಳಿದು ಅವಳೇ ಬಾಯಿಬಿಟ್ಟಳು: ಸ್ನಾನಕ್ಕೆ ಹೋಗುವಾಗ ನಾಗರಾಜ ವಾಸುಕಿಯ ತಮ್ಮನ ಮಗ ಕೀರ್ತಿಸೇನ ತನ್ನನ್ನು ಕಂಡು ಗಾಂಧರ್ವ ವಿಧಿಯಿಂದ ಮದುವೆಯಾದ. ಇದನ್ನು ನಂಬುವುದು ಹೇಗೆ ಎಂದು ಅವರು ಕೇಳಿದಾಗ ನಾಗಕುಮಾರನೇ ಬಂದು ಹೇಳಿದ. ಈ ಮೂವರೂ ಶಾಪದಿಂದ ಭೂಮಿಗೆ ಬಂದವರು. ಮಗು ಹುಟ್ಟಿದ ಮೇಲೆ ಶಾಪ ಮುಗಿಯುತ್ತದೆ.

ಮಗು ಹುಟ್ಟಿತು. ಶಾಪ ಮುಗಿಯಿತು. ಶಾಪ ಮುಗಿಯುವುದೆಂದರೆ ಮೇಲಿನವರ ಲೆಕ್ಕದಲ್ಲಿ ಬಿಡುಗಡೆ, ಮಗುವಿನ ಲೆಕ್ಕದಲ್ಲಿ ಸಾವು. ತಾಯಿ ಹೋದಳು, ಸೋದರಮಾವಂದಿರಿಬ್ಬರೂ ಹೋದರು. ನಾಗನಾದ ತಂದೆ ಮೊದಲೇ ತನ್ನ ಲೋಕದವನು. ಅಜ್ಜ ಅಜ್ಜಿ ಆಗಲೇ ಇರಲಿಲ್ಲ. ಸೋಮದೇವ ಇದಕ್ಕೆ ಹೆಚ್ಚು ಶ್ಲೋಕ ಖರ್ಚು ಮಾಡುವುದಿಲ್ಲ. ಹುಡುಗ ದುಃಖಪಟ್ಟ, ಆಮೇಲೆ, ಇನ್ನೂ ಚಿಕ್ಕವನಾಗಿದ್ದರೂ, ತನ್ನ ಮೇಲೆ ತಾನೇ ಭರವಸೆ ಇಟ್ಟು ವಿದ್ಯೆ ಕಲಿಯಲು ದಕ್ಷಿಣಾಪಥಕ್ಕೆ ಹೊರಟ. ಕಲಿತು, ಹೆಸರು ಪಡೆದು, ಶಿಷ್ಯರ ಜೊತೆ ಹುಟ್ಟಿದೂರಿಗೆ ಮರಳಿದ. ಅಷ್ಟೇ. ನಡುವಿನ ವರ್ಷಗಳಲ್ಲಿ ಆ ಹುಡುಗ ಯಾರ ಮನೆಯ ಜಗುಲಿಯಲ್ಲಿ ಮಲಗಿದ, ಯಾರು ಅನ್ನ ಹಾಕಿದರು, ಯಾವ ಗುರು ಸೇರಿಸಿಕೊಂಡ ಎಂಬುದು ಕಥೆಯಲ್ಲಿಲ್ಲ.

ಇದನ್ನು ಹೇಳುವವನು ಸೋಮದೇವನ ಬಾಯಲ್ಲಿ ಗುಣಾಢ್ಯನೇ. ಮುಂದೆ ವಿಂಧ್ಯದ ಕಾಡಿನಲ್ಲಿ ಕಾಣಭೂತಿಯೆಂಬ ಪಿಶಾಚ ರೂಪದ ಯಕ್ಷನನ್ನು ಕಂಡು ಅವನು ದೊಡ್ಡ ಕಥೆಯನ್ನು ಹೇಳೆಂದು ಕೇಳುತ್ತಾನೆ. ಕಾಣಭೂತಿ ಹೇಳಲು ಒಪ್ಪುತ್ತಾನೆ, ಆದರೆ ಮೊದಲು ನಿನ್ನ ಕಥೆಯನ್ನು ಹುಟ್ಟಿನಿಂದ ಹೇಳು ಎನ್ನುತ್ತಾನೆ. ತಬ್ಬಲಿಯ ಬಾಲ್ಯ ಹೊರಬರುವುದು ಹೀಗೆ, ಇನ್ನೊಬ್ಬರ ಕಥೆ ಕೇಳುವುದಕ್ಕೆ ತೆತ್ತ ಬೆಲೆಯಾಗಿ.

ಸಿಂಹದ ಬೆನ್ನ ಮೇಲಿನ ಹುಡುಗ

ಊರಿಗೆ ಮರಳಿದ ಗುಣಾಢ್ಯ ರಾಜ ಸಾತವಾಹನನ ಮಂತ್ರಿಯಾದ. ಕಥಾಪೀಠ ಈ ರಾಜನ ಹುಟ್ಟನ್ನೂ ಹೇಳುತ್ತದೆ. ಮಕ್ಕಳಿಲ್ಲದ ದೀಪಕರ್ಣಿ ಎಂಬ ರಾಜನಿಗೆ ಕನಸಿನಲ್ಲಿ ಒಂದು ಮಾತು ಕೇಳಿತು: ಕಾಡಿನಲ್ಲಿ ಸಿಂಹದ ಮೇಲೆ ಕೂತ ಹುಡುಗನನ್ನು ಕರೆದುಕೊಂಡು ಬಾ. ಬೇಟೆಗೆ ಹೋದಾಗ ಸರೋವರಕ್ಕೆ ನೀರು ಕುಡಿಯಲು ಬಂದ ಸಿಂಹದ ಮೇಲೆ ಅಂಥ ಹುಡುಗ ಕಂಡ. ರಾಜ ಬಾಣ ಬಿಟ್ಟ. ಸಿಂಹದ ರೂಪ ಕಳೆದು ಸಾತನೆಂಬ ಯಕ್ಷ ನಿಂತ. ಅವನ ಹೆಂಡತಿಯೂ ಶಾಪದಿಂದ ಸಿಂಹಿಣಿಯಾಗಿದ್ದಳು, ಮಗುವನ್ನು ಹೆತ್ತು ತೀರಿಕೊಂಡಳು. ಬೇರೆ ಸಿಂಹಿಣಿಗಳ ಹಾಲು ಕುಡಿಸಿ ಅವನು ಮಗುವನ್ನು ಬೆಳೆಸಿದ್ದ. ಸಾತನನ್ನು ವಾಹನ ಮಾಡಿಕೊಂಡವನು ಸಾತವಾಹನ ಎಂದು ಕಥೆ ಹೆಸರನ್ನು ಬಿಡಿಸುತ್ತದೆ. ಇತಿಹಾಸಕಾರರು ಈ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ.

ಸಾತವಾಹನರು ಮಾತ್ರ ಕಥೆಯೊಳಗಿನವರಷ್ಟೇ ಅಲ್ಲ, ದಖ್ಖನ್ನಿನ ದೊಡ್ಡ ಅರಸು ಮನೆತನ. ಪಟಾನ್‌ಚೆರು ಇರುವ ಸಂಗಾರೆಡ್ಡಿ ಜಿಲ್ಲೆಯಲ್ಲೇ ಕೊಂಡಾಪುರವಿದೆ. 1941-42ರಲ್ಲಿ ನಿಜಾಮರ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ಸಾತವಾಹನರ ಕಾಲದ ಪಟ್ಟಣವೊಂದು ಹೊರಬಂತು. ನಾಣ್ಯಗಳು, ಮಣಿಗಳು, ಬಿಳಿಯ ಜೇಡಿಯಲ್ಲಿ ಮಾಡಿದ ಚಿಕ್ಕ ಚಿಕ್ಕ ಬೊಂಬೆಗಳು ಸಿಕ್ಕವು. ಗುಣಾಢ್ಯನೆಂಬ ಮಂತ್ರಿ ಇದ್ದನೆಂದು ಇವು ಸಾಬೀತು ಮಾಡುವುದಿಲ್ಲ. ಕಥೆ ತನ್ನನ್ನು ನಿಲ್ಲಿಸಿಕೊಂಡ ಕಾಲ ಮತ್ತು ನೆಲ ಊಹೆಯದಲ್ಲ ಎಂದಷ್ಟೇ ಹೇಳುತ್ತವೆ.

ಕಥೆಯ ಒಳಗೆ ನೋಡಿದರೆ ರಾಜ ಮತ್ತು ಮಂತ್ರಿ ಇಬ್ಬರೂ ತಾಯಿಯಿಲ್ಲದವರು. ಒಬ್ಬನಿಗೆ ತಂದೆ ಬೆನ್ನು ಕೊಟ್ಟ, ಆಮೇಲೆ ಒಬ್ಬ ರಾಜ ಮನೆ ಕೊಟ್ಟ. ಇನ್ನೊಬ್ಬನಿಗೆ ಸಿಕ್ಕಿದ್ದು ವಿದ್ಯೆ ಮಾತ್ರ. ಮುಂದೆ ಅವರ ನಡುವೆ ಬಿರುಕು ಬಿಟ್ಟದ್ದೂ ವಿದ್ಯೆಯ ವಿಚಾರಕ್ಕೇ.

ಲಾಡು ತಂದ ಅವಮಾನ

ಆ ಪ್ರಸಂಗ ಪ್ರಸಿದ್ಧ. ರಾಜ ರಾಣಿಯರ ಜೊತೆ ನೀರಾಟದಲ್ಲಿದ್ದ. ದಣಿದ ಒಬ್ಬ ರಾಣಿ ನೀರು ಎರಚಬೇಡ ಎನ್ನಲು ಸಂಸ್ಕೃತದಲ್ಲಿ ಮಾ, ಉದಕೈಃ ಎಂಬ ಎರಡು ಪದಗಳನ್ನು ಸಂಧಿ ಮಾಡಿ ಮೋದಕೈಃ ಎಂದಳು. ರಾಜ ಮೋದಕ ತರಿಸಿದ. ರಾಣಿ ನಕ್ಕಳು. ಸಂಧಿ ಬಾರದ ರಾಜ ಅವಮಾನದಿಂದ ಊಟ ಮಾತು ಬಿಟ್ಟು ಮಲಗಿದ.

ವ್ಯಾಕರಣ ಕಲಿಯಲು ಎಲ್ಲರಿಗೂ 12 ವರ್ಷ ಬೇಕು, ನಾನು 6 ವರ್ಷದಲ್ಲಿ ಕಲಿಸುತ್ತೇನೆ ಎಂದ ಗುಣಾಢ್ಯ. ಇನ್ನೊಬ್ಬ ಮಂತ್ರಿ ಶರ್ವವರ್ಮ 6 ತಿಂಗಳು ಸಾಕು ಎಂದ. ಹಾಗಾದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುತ್ತೇನೆ ಎಂದು ಗುಣಾಢ್ಯ ಪಣ ತೊಟ್ಟ. ಕುಮಾರಸ್ವಾಮಿಯ ಕೃಪೆಯಿಂದ ಶರ್ವವರ್ಮನಿಗೆ ಕಾತಂತ್ರವೆಂಬ ಚಿಕ್ಕ ವ್ಯಾಕರಣ ದೊರೆಯಿತು. 6 ತಿಂಗಳಲ್ಲಿ ರಾಜ ಕಲಿತ. ಗುಣಾಢ್ಯನ ಬಾಯಿ ಮುಚ್ಚಿತು.

ಕಾತಂತ್ರ ನಿಜವಾದ ಪುಸ್ತಕ. ಪಾಣಿನಿಯದಕ್ಕಿಂತ ಸುಲಭವಾದ್ದರಿಂದ ಕಾಶ್ಮೀರದಲ್ಲೂ ಬಂಗಾಳದಲ್ಲೂ ಶತಮಾನಗಳ ಕಾಲ ಪಾಠ ಹೇಳಿದರು. ಗೆದ್ದವನ ವ್ಯಾಕರಣ ಇಂದಿಗೂ ಓದಲು ಸಿಗುತ್ತದೆ. ಸೋತವನ ಕಾವ್ಯದ ಮೂಲ ಎಲ್ಲಿಯೂ ಸಿಕ್ಕಿಲ್ಲ.

ಸೋತದ್ದು ಏನು ಎಂಬುದನ್ನು ಗಮನಿಸಬೇಕು. ಪಣದಲ್ಲಿ ಹಣ ಹೋಗಬಹುದು, ಪದವಿ ಹೋಗಬಹುದು. ತಬ್ಬಲಿಯಾದ ಹುಡುಗ ದಕ್ಷಿಣಕ್ಕೆ ನಡೆದು ಗಳಿಸಿದ ಆಸ್ತಿ ಭಾಷೆ. ಅದನ್ನೇ ಅವನು ಒತ್ತೆಯಿಟ್ಟ, ಅದೇ ಹೋಯಿತು. ದೇಶಭಾಷೆಯೂ ಆ ಪಟ್ಟಿಯಲ್ಲಿತ್ತು; ಎಂದರೆ ಸೋದರಮಾವಂದಿರ ಮನೆಯಲ್ಲಿ ಕಿವಿಗೆ ಬಿದ್ದ ಮೊದಲ ಮಾತೂ ಹೋಯಿತು. ಇಬ್ಬರು ಶಿಷ್ಯರ ಜೊತೆ ಮೌನಿಯಾಗಿ ವಿಂಧ್ಯದ ಕಾಡಿಗೆ ಹೋದವನು ಪಿಶಾಚಗಳು ಮಾತಾಡುವುದನ್ನು ಕೇಳಿ ಕೇಳಿ ಅವುಗಳ ಭಾಷೆ ಕಲಿತ. ಪಣದಲ್ಲಿ ಹೆಸರಿಸದೆ ಉಳಿದ ಭಾಷೆ ಅದೊಂದೇ ಆಗಿತ್ತು.

ದಾಮೋದರ, ತಾಮೋತರ

ಪೈಶಾಚಿ ಕಟ್ಟುಕಥೆಯ ಭಾಷೆಯಲ್ಲ. ಪ್ರಾಕೃತದ ವೈಯಾಕರಣರು ಅದಕ್ಕೆ ಸೂತ್ರ ಬರೆದಿದ್ದಾರೆ. ವರರುಚಿಯ ಪ್ರಾಕೃತಪ್ರಕಾಶದಲ್ಲಿ ಅದಕ್ಕೊಂದು ಅಧ್ಯಾಯವಿದೆ. 12ನೆಯ ಶತಮಾನದ ಹೇಮಚಂದ್ರ ಪೈಶಾಚಿಯ ಜೊತೆಗೆ ಚೂಲಿಕಾ ಪೈಶಾಚಿಯನ್ನೂ ವಿವರಿಸುತ್ತಾನೆ. ಅದರ ಎದ್ದು ಕಾಣುವ ಲಕ್ಷಣ ಘೋಷ ವ್ಯಂಜನಗಳು ಅಘೋಷವಾಗುವುದು. ದಾಮೋದರ ಅಲ್ಲಿ ತಾಮೋತರನಾಗುತ್ತಾನೆ. ನಗರ ನಕರವಾಗುತ್ತದೆ, ಮೇಘ ಮೇಖವಾಗುತ್ತದೆ. ಣಕಾರದ ಜಾಗದಲ್ಲಿ ನಕಾರ ಬರುತ್ತದೆ.

ಯಾರ ಬಾಯಲ್ಲಿ ದಾಮೋದರ ತಾಮೋತರನಾಗುತ್ತಾನೆ? ಗ್ರಿಯರ್ಸನ್ ವಾಯವ್ಯದ ಗುಡ್ಡಗಾಡಿನ ಜನರತ್ತ ಕೈ ತೋರಿಸಿದರು. ಸ್ಟೆನ್ ಕೊನೋವ್ ವಿಂಧ್ಯದ ಸೀಮೆಯ ಕಡೆ ನೋಡಿ, ಆರ್ಯಭಾಷೆಯನ್ನು ದ್ರಾವಿಡ ಜನ ಆಡಿದರೆ ಹೀಗೆ ಕೇಳಬಹುದೆಂದರು. ಎರಡು ವಾದಗಳ ತೂಕ ಹೇಗೇ ಇರಲಿ, ಒಂದು ಮಾತು ಸ್ಪಷ್ಟ. ಪಿಶಾಚರ ಭಾಷೆ ಎಂಬ ಹೆಸರನ್ನು ಅದನ್ನು ಆಡುವವರು ಇಟ್ಟುಕೊಂಡಿರಲಾರರು. ಅದು ಪಟ್ಟಣದವರು ಕಾಡಿನವರ ಮಾತಿಗೆ ಅಂಟಿಸಿದ ಹೆಸರು. ಉಚ್ಚಾರ ಬೇರೆಯಾದ ಕೂಡಲೇ ಆಡುವವನನ್ನು ಮನುಷ್ಯರ ಸಾಲಿನಿಂದ ಹೊರಗೆ ಹಾಕುವ ಚಾಳಿ ಹಳೆಯದು. ಬೀದರಿನ ಕನ್ನಡ ಬೆಂಗಳೂರಿನಲ್ಲಿ ನಗೆಗೀಡಾಗುವುದನ್ನು ಕಂಡವರಿಗೆ ಇದರ ಸಣ್ಣ ರೂಪ ಗೊತ್ತಿದೆ.

ಆ ಭಾಷೆಯಲ್ಲಿ ಗುಣಾಢ್ಯ 7 ವರ್ಷ ಕೂತು 7 ಲಕ್ಷ ಶ್ಲೋಕ ಬರೆದ. ಕಾಡಿನಲ್ಲಿ ಮಸಿ ಇರಲಿಲ್ಲ, ತನ್ನ ರಕ್ತದಲ್ಲಿ ಬರೆದ. ಶಿಷ್ಯರಾದ ಗುಣದೇವ, ನಂದಿದೇವರ ಕೈಯಲ್ಲಿ ಅದನ್ನು ರಾಜನಿಗೆ ಕಳಿಸಿದ. ಈಗ ಸಂಸ್ಕೃತ ಬಲ್ಲ ರಾಜ ಅದನ್ನು ತಿರಸ್ಕರಿಸಿದ. ಭಾಷೆ ಪೈಶಾಚಿ, ಅಕ್ಷರ ರಕ್ತದ್ದು, ಬೇಡ. ಕೆಲವೇ ಕಾಲದ ಹಿಂದೆ ಸಂಧಿ ತಿಳಿಯದೆ ನಗೆಗೀಡಾಗಿ ಮಲಗಿದ್ದವನು ಕಲಿತ ಮೇಲೆ ಮಾಡಿದ ಮೊದಲ ದೊಡ್ಡ ಕೆಲಸ ಇದು.

ಗುಣಾಢ್ಯ ಬೆಟ್ಟದ ಮೇಲೆ ಬೆಂಕಿ ಹಾಕಿದ. ಒಂದೊಂದೇ ಹಾಳೆಯನ್ನು ಓದಿ ಬೆಂಕಿಗೆ ಹಾಕುತ್ತ ಹೋದ. ಮೃಗಪಕ್ಷಿಗಳು ಮೇವು ಬಿಟ್ಟು ಸುತ್ತ ನಿಂತು ಕಣ್ಣೀರು ಹಾಕುತ್ತ ಕೇಳಿದವು. ಶಿಷ್ಯರಿಗೆ ಇಷ್ಟವಾದ ನರವಾಹನದತ್ತನ ಕಥೆಯ ಲಕ್ಷ ಶ್ಲೋಕಗಳನ್ನು ಮಾತ್ರ ಉಳಿಸಿಕೊಂಡ. ಅತ್ತ ಅರಮನೆಯಲ್ಲಿ ರಾಜನಿಗೆ ಕಾಯಿಲೆ. ಒಣಕಲು ಮಾಂಸ ತಿಂದದ್ದೇ ಕಾರಣ ಎಂದರು ವೈದ್ಯರು. ಅಡಿಗೆಯವರು ಬೇಡರನ್ನು ದೂರಿದರು. ಬೇಡರು ಬೆಟ್ಟದ ಮೇಲಿನ ಬ್ರಾಹ್ಮಣನ ವಿಷಯ ಹೇಳಿದರು. ರಾಜ ಓಡಿ ಬಂದಾಗ 6 ಲಕ್ಷ ಸುಟ್ಟುಹೋಗಿತ್ತು.

ಬಾಲ್ಯ ಆಮೇಲೆ ಬರುತ್ತದೆ

ಇಂಥ ಕಥೆಯನ್ನು ಇಂದಿನ ಹುಡುಗರು ಬೇರೆ ರೂಪದಲ್ಲಿ ಬಲ್ಲರು. ಜಪಾನಿನ ಹಿರೋ ಮಾಶಿಮಾ 2006ರಲ್ಲಿ ಶುರು ಮಾಡಿದ ಫೇರಿ ಟೇಲ್ ಎಂಬ ಮಾಂಗಾ ಮಂತ್ರವಾದಿಗಳ ಒಂದು ಸಂಘದ ಕಥೆ. ಅದು ಹತ್ತಿರ ಹತ್ತಿರ ಹತ್ತು ವರ್ಷ ಓಡಿದ ಮೇಲೆ, 2014-15ರಲ್ಲಿ, ಸಂಘವನ್ನು ಕಟ್ಟಿದ ಮೇವಿಸ್ ಎಂಬವಳ ಬಾಲ್ಯವನ್ನು ಫೇರಿ ಟೇಲ್ ಝೀರೋ ಎಂಬ ಹೆಸರಿನಲ್ಲಿ ಬರೆದರು. 2016ರಲ್ಲಿ ಅದು ಅನಿಮೆಯಾಗಿ ಬಂತು. ತಂದೆತಾಯಿಯಿಲ್ಲದ ಮೇವಿಸ್ ದ್ವೀಪವೊಂದರಲ್ಲಿ ಆಳಾಗಿ ದುಡಿಯುತ್ತಾಳೆ. ಶತ್ರುಗಳ ದಾಳಿಯಲ್ಲಿ ಎಲ್ಲರೂ ಸತ್ತು, ಒಡೆಯನ ಮಗಳು ಝೇರಾ ಮಾತ್ರ ಅವಳ ಜೊತೆ ಉಳಿಯುತ್ತಾಳೆ. ಇಬ್ಬರೂ 7 ವರ್ಷ ಒಟ್ಟಿಗೆ ಬೆಳೆಯುತ್ತಾರೆ. ಕೊನೆಗೆ ತಿಳಿಯುವುದೇನೆಂದರೆ ಝೇರಾ ಆ ದಾಳಿಯ ದಿನವೇ ಸತ್ತಿದ್ದಳು. ಒಂಟಿತನ ತಾಳಲಾರದೆ ಮೇವಿಸ್ ತನಗೇ ತಿಳಿಯದಂತೆ ಒಬ್ಬ ಗೆಳತಿಯನ್ನು ಮಾಯೆಯಿಂದ ಕಟ್ಟಿಕೊಂಡಿದ್ದಳು.

ಮಾಶಿಮಾ ಗುಣಾಢ್ಯನನ್ನು ಓದಿದರೆಂದು ಹೇಳಲು ಯಾವ ಆಧಾರವೂ ಬೇಕಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಕೇಳುವವರಿಲ್ಲದ ಮಗು ಕೇಳುವವರನ್ನು ತಾನೇ ಮಾಡಿಕೊಳ್ಳುತ್ತದೆ ಎಂಬುದು ಎಲ್ಲ ನಾಡಿನಲ್ಲೂ ಕಂಡ ಸಂಗತಿ. ಮೇವಿಸ್‌ಗೆ ಝೇರಾ ಇದ್ದಂತೆ ಗುಣಾಢ್ಯನಿಗೆ ಜಿಂಕೆ, ಹಂದಿ, ಎಮ್ಮೆಗಳಿದ್ದವು. ಎರಡರ ನಡುವಿನ ಇನ್ನೊಂದು ಹೋಲಿಕೆ ಇತಿಹಾಸದ ದೃಷ್ಟಿಯಿಂದ ಹೆಚ್ಚು ಮುಖ್ಯ. ಎರಡರಲ್ಲೂ ಬಾಲ್ಯ ಆಮೇಲೆ ಬಂದದ್ದು.

ಕಥಾಪೀಠ ಮೂಲ ಬೃಹತ್ಕಥೆಯ ಭಾಗವಾಗಿರಲಿಲ್ಲ ಎಂಬುದಕ್ಕೆ ದೊಡ್ಡ ಸುಳಿವು ನೇಪಾಳದಲ್ಲಿ ಸಿಕ್ಕಿತು. ಅಲ್ಲಿ ದೊರೆತ ಬುಧಸ್ವಾಮಿಯ ಬೃಹತ್ಕಥಾಶ್ಲೋಕಸಂಗ್ರಹದ 28 ಸರ್ಗಗಳಲ್ಲಿ ಗುಣಾಢ್ಯನ ಬಾಲ್ಯವೂ ಇಲ್ಲ, ಶಾಪವೂ ಇಲ್ಲ, ಬೆಂಕಿಯೂ ಇಲ್ಲ. ಅದು ನೇರವಾಗಿ ಉಜ್ಜಯಿನಿಯಿಂದ ಶುರುವಾಗುತ್ತದೆ. ಫ್ರೆಂಚ್ ವಿದ್ವಾಂಸ ಫೆಲಿಕ್ಸ್ ಲಾಕೋತ್ 1908ರಲ್ಲಿ ಗುಣಾಢ್ಯನ ಮೇಲೆ ಪುಸ್ತಕ ಬರೆದು, ಕಾಶ್ಮೀರದ ಪಾಠಕ್ಕಿಂತ ನೇಪಾಳದ್ದು ಮೂಲಕ್ಕೆ ಹತ್ತಿರ ಎಂದು ವಾದಿಸಿದರು. ನೇಪಾಳಮಾಹಾತ್ಮ್ಯ ಎಂಬ ಇನ್ನೊಂದು ಗ್ರಂಥದಲ್ಲಿ ಗುಣಾಢ್ಯ ಮಥುರೆಯಲ್ಲಿ ಹುಟ್ಟಿ ಉಜ್ಜಯಿನಿಯ ರಾಜನ ಬಳಿ ಇರುತ್ತಾನೆ. 9ನೆಯ ಶತಮಾನದ ಹೊತ್ತಿಗೆ ಕಾಂಬೋಡಿಯದ ಶಾಸನದಲ್ಲೂ ಅವನ ಹೆಸರಿದೆ. ಕೃತಿ ದೂರ ದೂರಕ್ಕೆ ಹೋದಂತೆ ಕರ್ತೃವಿಗೆ ಒಂದೊಂದು ಕಡೆ ಒಂದೊಂದು ಹುಟ್ಟೂರು ಸಿಕ್ಕಿತು.

ಇದು ಗುಣಾಢ್ಯನೊಬ್ಬನಿಗೆ ಆದದ್ದಲ್ಲ. ರಾಮಾಯಣದ ಬಾಲಕಾಂಡದ ಬಹುಭಾಗ ಆಮೇಲೆ ಸೇರಿದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಹಾಭಾರತದ ಕೃಷ್ಣನಿಗೆ ಗೋಕುಲದ ಬಾಲ್ಯವನ್ನು ವಿವರವಾಗಿ ಕೊಟ್ಟದ್ದು ಅದಕ್ಕೆ ಅನುಬಂಧವಾಗಿ ಬಂದ ಹರಿವಂಶ. ಜನ ಮೊದಲು ದೊಡ್ಡವನನ್ನು ಕಾಣುತ್ತಾರೆ, ಪ್ರೀತಿಸುತ್ತಾರೆ, ಆಮೇಲೆ ಅವನು ಮಗುವಾಗಿದ್ದಾಗ ಹೇಗಿದ್ದ ಎಂದು ಕೇಳುತ್ತಾರೆ. ಬಾಲ್ಯವನ್ನು ಓದುಗರೇ ಕೇಳಿ ಪಡೆಯುತ್ತಾರೆ.

ಗುಣಾಢ್ಯನ ವಿಷಯದಲ್ಲಿ ಕೇಳಿದವರು ಯಾರು? ಕಥಾಸರಿತ್ಸಾಗರದ ಉತ್ತರ ಬೆರಗು ಹುಟ್ಟಿಸುತ್ತದೆ. ಉಳಿದ ಲಕ್ಷ ಶ್ಲೋಕಗಳನ್ನು ರಾಜನಿಗೆ ಒಪ್ಪಿಸಿ ಗುಣಾಢ್ಯ ದೇಹ ಬಿಟ್ಟ. ರಾಜ ಆ ಇಬ್ಬರು ಶಿಷ್ಯರನ್ನು ಕರೆದುಕೊಂಡು ಹೋಗಿ, ಅವರ ಸಹಾಯದಿಂದ ಕಥೆಯನ್ನು ಅರ್ಥ ಮಾಡಿಕೊಂಡು, ಅದು ಭೂಮಿಗೆ ಬಂದ ಬಗೆಯನ್ನು ತಿಳಿಸಲು ಕಥಾಪೀಠವನ್ನು ತಾನೇ ರಚಿಸಿದ. ಅದೂ ಅದೇ ಭಾಷೆಯಲ್ಲಿ, ಪೈಶಾಚಿಯಲ್ಲಿ. ತಿರಸ್ಕರಿಸಿದವನೇ ಪೂರ್ವಕಥೆ ಬರೆದ. ಬರೆಯುವುದಕ್ಕೆ ತಾನು ಕೀಳೆಂದ ಭಾಷೆಯನ್ನು ಕಲಿಯಬೇಕಾಯಿತು. ತಬ್ಬಲಿ ಹುಡುಗನ ದುಃಖವನ್ನು ಬರೆದಿಟ್ಟವನು, ಕಥೆಯ ಪ್ರಕಾರ, ಸಿಂಹಿಣಿಯರ ಹಾಲು ಕುಡಿದು ಬೆಳೆದ ಇನ್ನೊಬ್ಬ ತಬ್ಬಲಿ.

ಸಾಕುಮನೆಗಳು

ಪೈಶಾಚಿಯ ಆ ಲಕ್ಷ ಶ್ಲೋಕಗಳೂ ಇಂದು ಇಲ್ಲ. ಇರುವುದೆಲ್ಲ ಬೇರೆ ಭಾಷೆಗಳಲ್ಲಿ. ಕಾಶ್ಮೀರದ ಎರಡು ಸಂಸ್ಕೃತ ಸಂಗ್ರಹಗಳು, ನೇಪಾಳದ್ದೊಂದು, ಜೈನರ ಪ್ರಾಕೃತದ ವಸುದೇವಹಿಂಡಿ, ತಮಿಳಿನ ಪೆರುಂಗದೈ. ಹೆತ್ತ ಭಾಷೆ ಸತ್ತುಹೋದ ಕಥೆಯನ್ನು ಸಾಕಿದವರು ಅನುವಾದಕರು.

ಅವರಲ್ಲಿ ಹಳಬನೊಬ್ಬ ಕರ್ನಾಟಕದವನು. 6ನೆಯ ಶತಮಾನದ ಗಂಗರ ದೊರೆ ದುರ್ವಿನೀತ ವಡ್ಡಕಥೆಯನ್ನು, ಅಂದರೆ ಬೃಹತ್ಕಥೆಯನ್ನು, ದೇವಭಾರತಿಗೆ ತಂದನೆಂದು ಕೋಲಾರ ಜಿಲ್ಲೆಯ ಗುಮ್ಮರೆಡ್ಡಿಪುರದ ತಾಮ್ರಪಟ ಹೇಳುತ್ತದೆ. ಕವಿರಾಜಮಾರ್ಗ ಕನ್ನಡದ ಗದ್ಯಕಾರರ ಸಾಲಿನಲ್ಲಿ ದುರ್ವಿನೀತ ಎಂಬ ಹೆಸರನ್ನೂ ಹೇಳುತ್ತದೆ. ಅವನ ಸಂಸ್ಕೃತ ಬೃಹತ್ಕಥೆ ಕಳೆದುಹೋಗಿದೆ. ತಮಿಳಿನ ಪೆರುಂಗದೈ ಅದನ್ನೇ ಅನುಸರಿಸಿತು ಎಂದು ಕೆಲವರು ಊಹಿಸಿದ್ದಾರೆ. ಆಧುನಿಕ ಕನ್ನಡದಲ್ಲಿ ಕಥಾಸರಿತ್ಸಾಗರಕ್ಕೆ ಮನೆ ಕೊಟ್ಟದ್ದು ಎ.ಆರ್. ಕೃಷ್ಣಶಾಸ್ತ್ರಿಗಳ ಕಥಾಮೃತ. ಗುಣಾಢ್ಯನ ರಕ್ತದ ಅಕ್ಷರ, ಬೆಂಕಿ, ಕಣ್ಣೀರಿಟ್ಟ ಮೃಗಗಳು ಹೆಚ್ಚಿನ ಕನ್ನಡ ಓದುಗರಿಗೆ ಗೊತ್ತಾದದ್ದು ಆ ಪುಸ್ತಕದಿಂದ.

ನಡುವೆ, 1031ರಲ್ಲಿ, ದುರ್ಗಸಿಂಹ. ಅವನ ಗಮನವೆಲ್ಲ ಕಥೆ ಯಾರಿಂದ ಯಾರಿಗೆ ಬಂತು ಎಂಬುದರ ಮೇಲೆ. ವಸುಭಾಗಭಟ್ಟನ ಹೆಸರಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಅದು ಗೌರವದ ಸಂಸ್ಕೃತ ಮೂಲ, ಸಂಧಿವಿಗ್ರಹಿಯ ಪದವಿಗೆ ಸಾಕಾಗುತ್ತಿತ್ತು. ಅವನು ಅದರಾಚೆಗೆ ಹೋಗಿ ಪೈಶಾಚಿಯ ಹೆಸರು ಹೇಳಿದ. ಪಂಚತಂತ್ರದ ಹುಟ್ಟಿನ ಬಗ್ಗೆ ಅವನ ಲೆಕ್ಕ ತಪ್ಪಿರಬಹುದು. ಆದರೆ ಕನ್ನಡದ ಕಥೆಗೆ ಹಿರಿಯನನ್ನು ಹುಡುಕುವಾಗ ಪಿಶಾಚರ ಭಾಷೆ ಎಂದು ನಾಚಿಕೊಳ್ಳಲಿಲ್ಲ.

ಪಟಾನ್‌ಚೆರುವಿನಲ್ಲಿ ಇಂದು ಕೇಳುವ ಭಾಷೆಗಳು ತೆಲುಗು, ಉರ್ದು, ಕಾರ್ಖಾನೆಗಳಿಗೆ ದುಡಿಯಲು ಬಂದವರ ಹಿಂದಿ. ಕನ್ನಡ ಕಿವಿಗೆ ಬೀಳುವುದು ಬೀದರ್, ಕಲಬುರಗಿ ಕಡೆಯ ಬಸ್ಸುಗಳು ನಿಂತಾಗ. ಒಂದು ಕಾಲಕ್ಕೆ ಇಲ್ಲಿ ಆಳುವವರ ಭಾಷೆಯಾಗಿದ್ದದ್ದು ಈಗ ಹಾದುಹೋಗುವವರ ಭಾಷೆ. ಅದರಲ್ಲಿ ದೂರಲು ಏನೂ ಇಲ್ಲ. ಊರಿನ ಹೆಸರಿನ ಕೊನೆಯಲ್ಲಿ ಕೆರೆ ಇನ್ನೂ ಇದೆ, ತೆಲುಗು ಅದನ್ನು ತನ್ನ ಬಾಯಿಗೆ ಹೊಂದಿಸಿಕೊಂಡು ಸಾಕುತ್ತಿದೆ. ಹೆದ್ದಾರಿಯ ಫಲಕದ ಮೇಲೆ ಪಟಾನ್‌ಚೆರು ಎಂದು ಓದಿ ಪೊಟ್ಟಳಕೆರೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೆ ಎರಡು ಭಾಷೆಗಳ ನಡುವಿನ ಒಂದೇ ಒಂದು ಅಕ್ಷರದ ಲೆಕ್ಕ ಗೊತ್ತಿದ್ದರೆ ಸಾಕು.